ಒಂದೇ ಪಿಟೀಲು ಒಂದು ಮನೆಗೂ ಐದು ಮನೆಗೂ ಆಗುತ್ತದೆಯೇ?

ಪ್ರಶ್ನೆ: ಪಕ್ಕವಾದ್ಯಕ್ಕೆ ಈಚೆಗೆ ಹೋಗತೊಡಗಿದ್ದೇನೆ. ಗಾಯಕರಿಗೆ ಒಂದು ಮನೆ ಶ್ರುತಿ (ಪಾಶ್ಚಾತ್ಯರ ಸಿ ಸ್ವರವೇ ಸ), ಗಾಯಕಿಯರಿಗೆ ಐದು ಮನೆ (ಜಿ ಸ್ವರವೇ ಸ). ಇಳಿಸಿದರೆ ನಾದ ಸೊರಗುತ್ತದೆ, ಏರಿಸಿದರೆ ತಂತಿ ಹರಿಯುತ್ತದೆ. ಏನು ಮಾಡಲಿ?

ಉತ್ತರ: ಇದನ್ನು ಬಿರಡೆ (ತಂತಿ ಬಿಗಿಯುವ ಗೂಟ) ತಿರುಗಿಸಿ ಬಗೆಹರಿಸಲು ಹೋಗಬೇಡಿ, ತಂತಿ ಬದಲಿಸಿ ಬಗೆಹರಿಸಿ. ಎರಡೂ ಬಗೆಯ ಕಚೇರಿ ಮೇಲಿಂದ ಮೇಲೆ ಬರುವುದಾದರೆ ಎರಡು ಪಿಟೀಲು ಇಟ್ಟುಕೊಳ್ಳುವುದೇ ಒಳ್ಳೆಯದು.

ನಾವು ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಮಂದ್ರ (ಕೆಳಗಿನ ಸ್ಥಾಯಿಯ) ಸ, ಮಂದ್ರ ಪ, ಮಧ್ಯ ಸ, ಮಧ್ಯ ಪ ಎಂದು ಶ್ರುತಿ ಮಾಡುತ್ತೇವೆ. ಅಂಗಡಿಯ ಸೆಟ್ ತಯಾರಾಗಿರುವುದು ಪಾಶ್ಚಾತ್ಯರ ಜಿ, ಡಿ, ಎ, ಇ ಶ್ರುತಿಗೆ. ಐದು ಮನೆಯಲ್ಲಿ ನಮಗೆ ಬೇಕಾದದ್ದು ಜಿ, ಡಿ, ಜಿ, ಡಿ. ದಪ್ಪನೆಯ ಎರಡು ತಂತಿ ತಮ್ಮ ಶ್ರುತಿಯಲ್ಲೇ ಇರುತ್ತವೆ, ತೆಳುವಾದ ಎರಡು ಬರೀ ಎರಡು ಸ್ವರಸ್ಥಾನ ಇಳಿಯುತ್ತವೆ. ನಾದ ಚೆನ್ನಾಗಿಯೇ ಬರುತ್ತದೆ. ಒಂದು ಮನೆಗೆ ಬಂದರೆ ನಾಲ್ಕೂ ಅಲ್ಲಿಂದ ಒಂದು ಪಂಚಮದಷ್ಟು (ಏಳು ಸ್ವರಸ್ಥಾನ) ಇಳಿಯಬೇಕು. ತಂತಿಯ ಬಿಗಿ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಕಂಪನ 1.5 ಪಟ್ಟು ಕಡಿಮೆಯಾದಾಗ ಬಿಗಿ 2.25 ಪಟ್ಟು ಕಡಿಮೆಯಾಗುತ್ತದೆ. ಅಷ್ಟು ಸಡಿಲ ತಂತಿಯ ಮೇಲೆ ಕಮಾನು ಒತ್ತಿದರೆ ಸ್ವರ ಅಲುಗಾಡುತ್ತದೆ, ಗಮಕದಲ್ಲಿ ಬೆರಳು ಬೇಡದ ಸ್ಥಾನಕ್ಕೆ ಜಾರುತ್ತದೆ. ಪಕ್ಕವಾದ್ಯದವರಿಗೆ ನಾದದ ಗಾತ್ರ ಎಷ್ಟು ಮುಖ್ಯ ಎನ್ನುವುದಕ್ಕೆ ಮೈಸೂರು ಟಿ. ಚೌಡಯ್ಯನವರೇ ಸಾಕ್ಷಿ. ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಿಸಲೆಂದು ಅವರು ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು.

ಒಂದು ಮನೆಯ ಪಿಟೀಲಿಗೆ ತಂತಿಗಳನ್ನು ಒಂದೊಂದು ಸ್ಥಾನ ಸರಿಸಿ ಹಾಕಿ: ಮೊದಲನೆಯದಕ್ಕೆ, ಅಂದರೆ ತೀರಾ ತೆಳು ತಂತಿಯ ಜಾಗಕ್ಕೆ ಎ, ಎರಡನೆಯದಕ್ಕೆ ಡಿ, ಮೂರನೆಯದಕ್ಕೆ ಜಿ. ನಾಲ್ಕನೆಯದಕ್ಕೆ ಐದು ತಂತಿಯ ವಯಲಿನ್‌ಗೆಂದು ಸಿಗುವ ಸಿ ತಂತಿ. ದಪ್ಪ ತಂತಿ ಕೂರುವಂತೆ ಬಿರಡೆಗಳ ಬಳಿ ತಂತಿ ಹಾದುಹೋಗುವ ಮೇಲಿನ ಗೀರುಗಳನ್ನು ರಿಪೇರಿಯವರಿಂದ ಅಗಲ ಮಾಡಿಸಬೇಕು. ಹೀಗೆ ಸಜ್ಜಾದ ಪಿಟೀಲನ್ನು ಮಾತ್ರ ಐದು ಮನೆಗೆ ಏರಿಸಲೇಬೇಡಿ.

ಮಾಮೂಲಿ ಸೆಟ್ ಇದ್ದೂ ಐದು ಮನೆಯಲ್ಲಿ ತಂತಿ ಹರಿಯುತ್ತಿದೆಯೇ? ಹಾಗಾದರೆ ತಪ್ಪು ಶ್ರುತಿಯದ್ದಲ್ಲ. ಬಿರಡೆಯ ಹತ್ತಿರ ಹರಿದಿದ್ದರೆ ಅಲ್ಲಿನ ಮೇಲಿನ ಗೀರು ಚೂಪಾಗಿದೆ ಅಥವಾ ತಂತಿಯನ್ನು ಕಚ್ಚುತ್ತಿದೆ. ಅದರಲ್ಲಿ ಪೆನ್ಸಿಲ್ ಸೀಸ ಉಜ್ಜಿ. ಫೈನ್ ಟ್ಯೂನರ್ (ತಂತಿಯ ಕೆಳತುದಿಯಲ್ಲಿ ಶ್ರುತಿ ಸೂಕ್ಷ್ಮವಾಗಿ ಸರಿಪಡಿಸುವ ತಿರುಪು) ಪೂರ್ತಿ ಒಳಗೆ ಹೋಗಿದ್ದರೆ ಅರ್ಧಕ್ಕೆ ಬಿಚ್ಚಿ, ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ನಿಧಾನವಾಗಿ ತಿರುಗಿಸಿ.

ಪ್ರತಿ ಸಲ ಏರಿಸಿದಾಗಲೂ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಬಿರಡೆಗಳ ಕಡೆಗೆ ವಾಲುತ್ತದೆ. ಅದರ ಹಿಂಬದಿ ಪಿಟೀಲಿನ ಮೇಲ್ಹಲಗೆಗೆ ನೆಟ್ಟಗಿರಬೇಕು. ವಾಲಿದ್ದರೆ ತಂತಿಗಳನ್ನು ಕೊಂಚ ಸಡಿಲಿಸಿ, ಎರಡೂ ಕೈಯ ಬೆರಳುಗಳಿಂದ ಮೇಲಂಚನ್ನು ಹಿಡಿದು ಹಿಂದಕ್ಕೆ ತನ್ನಿ. ಸೆಟ್ ಬದಲಿಸುವಾಗ ಒಂದು ತಂತಿ ಬಿಚ್ಚಿ, ಹೊಸದನ್ನು ಬಿಗಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಿ. ನಾಲ್ಕನ್ನೂ ಒಟ್ಟಿಗೆ ತೆಗೆದರೆ ಒಳಗಿನ ಸೌಂಡ್ ಪೋಸ್ಟ್ (ಮೇಲಿನ ಹಾಗೂ ಕೆಳಗಿನ ಹಲಗೆಗಳ ನಡುವೆ ನಿಂತಿರುವ ಪುಟ್ಟ ಮರದ ಕಡ್ಡಿ) ಬಿದ್ದುಹೋಗಬಹುದು.