ಗೀಸರ್ ಮೇಲೆ 2000 ವ್ಯಾಟ್ ಅಂತ ಬರೆದಿದೆ, ಅಷ್ಟು ಸಿಗುತ್ತಾ?

ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಒಂದು ಮಾತು ಕೇಳುತ್ತದೆ: ‘ಕರೆಂಟು ಇದ್ದು, ವೋಲ್ಟೇಜ್ ಇಲ್ಲೆ.’ ಮಾತೇನೋ ಸರಿ. ಅದರ ಬೆನ್ನಿಗೆ ಬರುವ ತೀರ್ಮಾನಗಳು ಮಾತ್ರ ಉಲ್ಟಾ. ಕರೆಂಟ್ ಸಾಲದೆ ಪಂಪಿನ ಕಾಯಿಲ್ ಸುಟ್ಟಿತು ಅನ್ನುತ್ತಾರೆ. ತಪ್ಪೆಲ್ಲ ಟಿಸಿಯದ್ದೇ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನದ್ದೇ ಅನ್ನುತ್ತಾರೆ. ‘ಪವರ್ ಸೇವರ್’ ಡಬ್ಬಿ ಪ್ಲಗ್ಗಿಗೆ ಚುಚ್ಚಿದರೆ ಬಿಲ್ ಅರ್ಧ ಆಗುತ್ತದೆ ಎಂದು ನಂಬುವವರೂ ಇದ್ದಾರೆ. ಇದನ್ನೆಲ್ಲ ಪರೀಕ್ಷೆ ಮಾಡಲು ಹತ್ತನೇ ಕ್ಲಾಸಿನ ಲೆಕ್ಕ ಸಾಕು. ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡದ ಅಳತೆ, ಆಂಪಿಯರ್ ಅಂದರೆ ಹರಿಯುವ ಕರೆಂಟಿನ ಅಳತೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಹರಿವಿಗೆ ಇರುವ ತಡೆ, ಓಮ್‌ನಲ್ಲಿ. ಎರಡನ್ನೂ ಗುಣಿಸಿದರೆ ಪವರ್, ವ್ಯಾಟ್‌ನಲ್ಲಿ.

ಬಚ್ಚಲಿನ ಗೀಸರನ್ನೇ ನೋಡಿ. ಅದರ ಮೇಲೆ 2000 ವ್ಯಾಟ್, 230 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ ಅದು ಎಳೆಯುವುದು ಸುಮಾರು 8.7 ಆಂಪಿಯರ್, ಅದರ ಕಾಯಿಲಿನ ರೋಧ ಸುಮಾರು 26.5 ಓಮ್. ಗೀಸರಿನ ಸ್ವಂತ ಆಸ್ತಿ ಅಂದರೆ ಈ 26.5 ಮಾತ್ರ. 2000 ಅನ್ನೋದು 230 ವೋಲ್ಟ್ ಕೊಟ್ಟರೆ ಎಂಬ ಷರತ್ತಿನ ಮೇಲಿನ ಮಾತು. ಸಂಜೆ ವೋಲ್ಟೇಜ್ 170ಕ್ಕೆ ಇಳಿಯಿತು ಅನ್ನಿ. 170 ಭಾಗಿಸು 26.5, ಸುಮಾರು 6.4 ಆಂಪಿಯರ್. ಗುಣಿಸಿದರೆ 1090 ವ್ಯಾಟ್. ವೋಲ್ಟೇಜ್ ಕಾಲು ಭಾಗ ಇಳಿದಿದ್ದಕ್ಕೆ ಶಾಖ ಹತ್ತಿರ ಹತ್ತಿರ ಅರ್ಧಕ್ಕೆ ಬಂತು! ವೋಲ್ಟ್ ಇಳಿಯುವಾಗ ಆಂಪಿಯರನ್ನೂ ಜೊತೆಗೆ ಎಳೆದುಕೊಂಡು ಇಳಿಯುತ್ತದೆ, ಹಾಗಾಗಿ ಹೊಡೆತ ಎರಡು ಸಲ. ಅಷ್ಟೇ ನೀರು ಕಾಯಿಸಲು ಬಿಲ್ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ, ಸ್ನಾನಕ್ಕೆ ಕಾಯುವ ಹೊತ್ತು ಜಾಸ್ತಿ.

ಇಷ್ಟು ಸುಲಭದ ಲೆಕ್ಕವನ್ನು ಕಂಡುಹಿಡಿದ ಜಾರ್ಜ್ ಓಮ್ ಜರ್ಮನಿಯ ಕೊಲೋನ್ ಊರಿನ ಮೇಷ್ಟ್ರು, ಬೀಗ ಮಾಡುವವನ ಮಗ. ಅವನ ಕಾಲದ ಬ್ಯಾಟರಿಗಳು ಅಳತೆ ಮುಗಿಯುವಷ್ಟರಲ್ಲಿ ಸೊರಗುತ್ತಿದ್ದವು. ಅದಕ್ಕೆ ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ಎರಡು ಬೆಸುಗೆಗಳ ಬಿಸಿಯ ಅಂತರದಿಂದ ಅಲುಗಾಡದ ವೋಲ್ಟೇಜ್ ಸಿಕ್ಕಿತು. 1827ರಲ್ಲಿ ಪುಸ್ತಕ ಬಂದಾಗ ಜರ್ಮನಿಯಲ್ಲಿ ಹೆಚ್ಚಿನವರು ಮೂಸಿಯೂ ನೋಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಇದೇ ನಿಯಮವನ್ನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಓಮ್‌ಗಿಂತ ಮೊದಲೇ ಕಂಡುಕೊಂಡಿದ್ದ. ಮೀಟರೇ ಇಲ್ಲದ ಕಾಲ. ಶಾಕ್ ಎಷ್ಟು ಜೋರು ಎಂದು ಮೈಮೇಲೇ ಹೊಡೆಸಿಕೊಂಡು ಅಳೆದ, ಯಾರಿಗೂ ಹೇಳದೆ ಟಿಪ್ಪಣಿ ಬರೆದಿಟ್ಟ. ಅದು ಅಚ್ಚಾಗಿದ್ದು 1879ರಲ್ಲಿ, ಅವನು ಸತ್ತು ಎಷ್ಟೋ ಕಾಲದ ಮೇಲೆ. ಬೆರಳು ತಾಗಿಸಿ ‘ಕರೆಂಟ್ ಇದೆಯಾ’ ನೋಡುವ ಭೂಪರು ನಮ್ಮಲ್ಲೂ ಇದ್ದಾರೆ, ಆದರೆ ಅವರು ಟಿಪ್ಪಣಿ ಬರೆಯುವುದಿಲ್ಲ.

ಈಗ ಪಂಪಿಗೆ ಬನ್ನಿ. ಮನೆ ಮೇಲೆ, ಪಂಪು ಕೆಳಗೆ ಹಳ್ಳದ ಪಕ್ಕ, ನಡುವೆ 200 ಮೀಟರ್. ಅಗ್ಗ ಅಂತ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದಿದ್ದಾರೆ. ಅದರ ರೋಧ ಕಿಲೋಮೀಟರಿಗೆ ಸುಮಾರು 12 ಓಮ್. ಹೋಗಲೊಂದು, ಬರಲೊಂದು ವೈರ್ ಬೇಕಲ್ವಾ, ಹಾಗಾಗಿ ಉದ್ದ 400 ಮೀಟರ್, ರೋಧ 4.8 ಓಮ್. ಪಂಪು 6 ಆಂಪಿಯರ್ ಎಳೆದರೆ ಸುಮಾರು 29 ವೋಲ್ಟ್ ವೈರಿನಲ್ಲೇ ಖರ್ಚು. 170 ವ್ಯಾಟಿಗಿಂತ ಜಾಸ್ತಿ ಸುಮ್ನೆ ವೈರ್ ಬಿಸಿ ಮಾಡಲಿಕ್ಕೆ ಹೋಗುತ್ತದೆ. ನಾಲ್ಕು ಚದರ ಮಿಲಿಮೀಟರಿನ ವೈರ್ ಹಾಕಿದರೆ ಆ 29 ವೋಲ್ಟ್ 11ರ ಹತ್ತಿರ ಬರುತ್ತದೆ. ‘ಪಂಪಿನ ಹತ್ತಿರವೇ ಮೀಟರ್ ಇಟ್ಟು ನೋಡಿದ್ದೇವೆ, ಪೂರ್ತಿ ವೋಲ್ಟೇಜ್ ಇದೆ’ ಎಂದು ವಾದಿಸುವವರು ನೋಡಿದ್ದು ಪಂಪು ಬಂದ್ ಇದ್ದಾಗ. ಸಪೂರ ಪೈಪಿನ ತುದಿಯ ನಲ್ಲಿ ಮುಚ್ಚಿದ್ದರೆ ಅಲ್ಲೂ ಟ್ಯಾಂಕಿನ ಪೂರ್ತಿ ಒತ್ತಡ ಇರುತ್ತದೆ, ನಲ್ಲಿ ತಿರುಗಿಸಿದಾಗಲೇ ಬಣ್ಣ ಬಯಲು. ದೂರಕ್ಕೆ ವಿದ್ಯುತ್ ಕಳಿಸುವಾಗ ವೋಲ್ಟೇಜ್ ಏರಿಸುವುದೂ ವೈರಿನ ಈ ನಷ್ಟ ತಪ್ಪಿಸಲಿಕ್ಕೇ. ಕೈಗಾ ಅಣುಸ್ಥಾವರದ 220 ಮೆಗಾವ್ಯಾಟಿನ ಒಂದು ಘಟಕದ ವಿದ್ಯುತ್ತನ್ನು ಮೂರು ಫೇಸಿನ 400 ವೋಲ್ಟಿನಲ್ಲಿ ಕಳಿಸಹೊರಟರೆ ಒಂದೊಂದು ತಂತಿಯಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಆಂಪಿಯರ್ ಬೇಕು. 4 ಲಕ್ಷ ವೋಲ್ಟಿನ ಲೈನಿನಲ್ಲಿ ಮುನ್ನೂರ ಚಿಲ್ಲರೆ ಸಾಕು. ಕರೆಂಟ್ ಸಾವಿರ ಪಟ್ಟು ಇಳಿದರೆ ಅದೇ ತಂತಿಯಲ್ಲಿ ಪೋಲಾಗುವ ಶಾಖ ಹತ್ತು ಲಕ್ಷ ಪಟ್ಟು ಇಳಿಯುತ್ತದೆ.

ಮೋಟರ್ ಮಾತ್ರ ಗೀಸರಿನ ಹಾಗೆ ಸಾಧು ಅಲ್ಲ. ಅದರ ಕಾಯಿಲಿನ ರೋಧ ಕೆಲವೇ ಓಮ್. ಬರೀ ಭಾಗಾಕಾರ ಮಾಡಿದರೆ ಹತ್ತಾರು ಆಂಪಿಯರ್ ಬರುತ್ತದೆ, ವೈರಿಗೆ ಹೊರಗಿನಿಂದ ಕಚ್ಚಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತೋರಿಸುವುದು ಐದಾರು. ಯಾಕೆಂದರೆ ತಿರುಗುವ ಮೋಟರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಬರುವ ಕರೆಂಟನ್ನು ತಡೆಯುತ್ತದೆ. ಲೈನಿನ ವೋಲ್ಟೇಜ್ ಬಿದ್ದರೂ ನೀರೆತ್ತುವ ಕೆಲಸ ಹಗುರಾಗುವುದಿಲ್ಲ. ಮೋಟರಿನ ವೇಗ ತಗ್ಗುತ್ತದೆ, ಎದುರು ವೋಲ್ಟೇಜೂ ತಗ್ಗುತ್ತದೆ, ಕರೆಂಟ್ ಏರುತ್ತದೆ. 6 ಇದ್ದದ್ದು 8 ಆದರೆ ಕಾಯಿಲಿನ ಬಿಸಿ ಮುಕ್ಕಾಲು ಪಾಲು ಜಾಸ್ತಿ. ತಿರುಗದೆ ಗುಂಯ್ ಎನ್ನುತ್ತ ನಿಂತರೆ ತಡೆಯುವವರೇ ಇಲ್ಲ. ಪಂಪು ಸುಡುವುದು ಕರೆಂಟ್ ಸಾಲದೆ ಅಲ್ಲ, ಅತಿಯಾಗಿ.

ಅಂದ ಹಾಗೆ, ಮೋಟರಿನಲ್ಲಿ ವೋಲ್ಟ್ ಗುಣಿಸು ಆಂಪಿಯರ್ ಪೂರ್ತಿ ವ್ಯಾಟ್ ಆಗುವುದಿಲ್ಲ. ಒಂದಷ್ಟು ಕರೆಂಟ್ ಕೆಲಸ ಮಾಡದೆ ಹೋಗಿ ಬಂದು ಮಾಡುತ್ತದೆ. ‘ಪವರ್ ಸೇವರ್’ ಡಬ್ಬಿಯೊಳಗೆ ಸಾಮಾನ್ಯವಾಗಿ ಇರುವ ಪುಟ್ಟ ಕೆಪಾಸಿಟರ್ ತಾಗುವುದು ಈ ಓಡಾಟಕ್ಕೆ. ಮನೆಯ ಮೀಟರ್ ಎಣಿಸುವುದು ನಿಜವಾದ ವ್ಯಾಟನ್ನು. ಬಿಲ್ ಅಲ್ಲಾಡುವುದಿಲ್ಲ.

ಟಿಸಿಯನ್ನು ಬಯ್ಯುವ ಮೊದಲು ಇಷ್ಟು ಮಾಡಿ. ಗೀಸರಿನ ಲೈನಿನಲ್ಲೇ ಇರುವ ಪ್ಲಗ್ಗಿಗೆ ಚುಚ್ಚುವ ವೋಲ್ಟ್‌ಮೀಟರ್ ಹಾಕಿ. ಗೀಸರ್ ಬಂದ್ ಇದ್ದಾಗ 228, ಚಾಲೂ ಮಾಡಿದಾಗ 212 ಬಂತು ಅನ್ನಿ. 212 ಭಾಗಿಸು 26.5 ಅಂದರೆ 8 ಆಂಪಿಯರ್. ಬಿದ್ದ 16 ವೋಲ್ಟನ್ನು 8ರಿಂದ ಭಾಗಿಸಿ. ಟಿಸಿಯಿಂದ ನಿಮ್ಮ ಬಚ್ಚಲವರೆಗಿನ ದಾರಿಯ ರೋಧ 2 ಓಮ್, ಕಂಬ ಹತ್ತದೆಯೇ ಸಿಕ್ಕಿತು. ಬಿಲ್ಲಿಗೆ ಯೂನಿಟ್ ಎಣಿಸುವ ಡಿಜಿಟಲ್ ಮೀಟರುಗಳ ಪೈಕಿ ಹಲವು, ವೋಲ್ಟೇಜನ್ನೂ ತೋರಿಸುತ್ತವೆ, ಅಲ್ಲೂ ಹೀಗೇ ಎರಡು ಸಲ ನೋಡಿ. ಅಲ್ಲಿ ಬರೀ 4 ವೋಲ್ಟ್ ಬಿದ್ದಿದ್ದರೆ ಉಳಿದ 12 ವೋಲ್ಟ್ ನಿಮ್ಮ ಮನೆಯ ವೈರಿಂಗಿನದ್ದು. ಲೈನ್‌ಮನ್‌ಗೆ ಫೋನ್ ಮಾಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಸ್ವಿಚ್‌ಬೋರ್ಡಿನ ಸಡಿಲ ಸ್ಕ್ರೂ ಬಿಗಿ ಮಾಡಿಸಿ.