ಕನ್ಕಷನ್ ಆಗಿಲ್ಲ ಅಂದರೆ ಸಿಟಿಇ ಬರಲ್ವಾ?

ಸಿಟಿಇ ಅಂದರೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ. ವರ್ಷಗಟ್ಟಲೆ ತಲೆಗೆ ಪೆಟ್ಟು ತಿಂದವರ ಮಿದುಳಿನಲ್ಲಿ ನಿಧಾನವಾಗಿ ಬೆಳೆಯುವ ಕಾಯಿಲೆ. ಮರೆವು, ಸಿಟ್ಟು, ಖಿನ್ನತೆ ಎಲ್ಲ ಆಟ ಬಿಟ್ಟು ಎಷ್ಟೋ ವರ್ಷದ ಮೇಲೂ ಶುರುವಾಗಬಹುದು. 1928ರಲ್ಲೇ ಅಮೆರಿಕದ ಮಾರ್ಟ್‌ಲೆಂಡ್ ಎಂಬ ವೈದ್ಯರು ಬಾಕ್ಸರ್‌ಗಳ ಬಗ್ಗೆ ಇದನ್ನು ಬರೆದಿದ್ದರು. ಇಷ್ಟು ಸುಲಭ.

ನಾನು ಸಿಕ್ಕಿಹಾಕಿಕೊಂಡದ್ದು ಕನ್ಕಷನ್ ಲೆಕ್ಕದಲ್ಲಿ, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ತಲೆಸುತ್ತು, ಗೊಂದಲ ಆಗುವುದು. ಅದು ಎಷ್ಟು ಸಲ ಆಯಿತು ಅಂತ ಎಣಿಸಿದರೆ ಅಪಾಯ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ನನ್ನ ತಮ್ಮ ಇಲ್ಲೇ ಗೋವಾದ ವಾಸ್ಕೋದಲ್ಲಿ ಫುಟ್‌ಬಾಲ್ ಆಡುತ್ತಾನೆ, ಡಿಫೆಂಡರ್. ಒಮ್ಮೆಯೂ ತಲೆಸುತ್ತಿ ಬಿದ್ದಿಲ್ಲ, ಹಾಗಾದರೆ ಚಿಂತೆ ಇಲ್ಲ ಅಲ್ವಾ ಅಂತ ನೆಮ್ಮದಿಯಾಗಿದ್ದೆ. ಅದು ತಪ್ಪು.

ಬಿಡಿಸಿ ಹೇಳುತ್ತೇನೆ. ಹುಬ್ಬಳ್ಳಿಯಿಂದ ಹೊರಡುವಾಗ ಅವ್ವ ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು ಕೊಡುತ್ತಾಳೆ. ಡಬ್ಬಿ ಬುರುಡೆ, ಮೊಸರು ಮಿದುಳು. ಅನಮೋಡ ಘಾಟಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಮೊಸರು ಒಂದೇ ಏಟಿಗೆ ಒಡೆಯುತ್ತದೆ. ಅದು ಕನ್ಕಷನ್. ಈಗ ಬ್ರೇಕೇ ಹಾಕಲಿಲ್ಲ ಅಂದುಕೊಳ್ಳಿ, ದಾರಿಯುದ್ದಕ್ಕೂ ಬರೀ ಗುಂಡಿ, ಬರೀ ಕುಲುಕಾಟ. ಮನೆಗೆ ಬಂದು ಮುಚ್ಚಳ ತೆಗೆದರೆ ಡಬ್ಬಿ ಎಲ್ಲೂ ನೆಗ್ಗಿಲ್ಲ, ಆದರೆ ಮೊಸರು ಒಡೆದು ಮೇಲೆ ನೀರು ನಿಂತಿದೆ. ಹೆಡರ್, ಅಂದರೆ ಚೆಂಡನ್ನು ತಲೆಯಿಂದ ಹೊಡೆದಾಗ ಆಗುವುದು ಈ ಕುಲುಕಾಟ. ತಲೆ ಸುತ್ತಲ್ಲ, ನೋವಿಲ್ಲ, ಹುಡುಗ ಆಡುತ್ತಲೇ ಇರುತ್ತಾನೆ, ಲೆಕ್ಕ ಮಾತ್ರ ಒಳಗೊಳಗೇ ಕೂಡುತ್ತಾ ಹೋಗುತ್ತದೆ. ಹೆಲ್ಮೆಟ್ ಕಾಯುವುದೂ ಮುಖ್ಯವಾಗಿ ಡಬ್ಬಿಯನ್ನೇ. ಒಳಗಿನ ಅಲುಗಾಟವನ್ನು ಅದು ಪೂರ್ತಿ ನಿಲ್ಲಿಸಲ್ಲ.

ಮೊಸರಿಗೆ ಸುಕ್ಕಿನಂಥ ಮಡಿಕೆ ಇಲ್ಲ, ಮಿದುಳಿಗೆ ಇದೆ. ಅಲುಗಿದಾಗ ಎಳೆತ ಜಾಸ್ತಿ ಬೀಳುವುದು ಆ ಮಡಿಕೆಗಳ ತಳದಲ್ಲಿ. ಟೌ ಎಂಬ ಪ್ರೋಟೀನ್ ಗಂಟುಗಟ್ಟುವುದೂ ಅಲ್ಲೇ, ಸಣ್ಣ ರಕ್ತನಾಳಗಳ ಸುತ್ತ. ಸದ್ಯಕ್ಕೆ ಇದು ಖಚಿತವಾಗುವುದು ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿದಾಗ ಮಾತ್ರ. 2002ರಲ್ಲಿ ತೀರಿಕೊಂಡ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಮಿದುಳಿನಲ್ಲಿ ಡಾ. ಬೆನೆಟ್ ಒಮಾಲು ಕಂಡದ್ದು ಈ ಟೌ ಗಂಟುಗಳನ್ನೇ.

2017ರ ಬಾಸ್ಟನ್ ಅಧ್ಯಯನದಲ್ಲಿ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಆಡಿದ 111 ಆಟಗಾರರಲ್ಲಿ 110 ಜನಕ್ಕೆ ಸಿಟಿಇ ಇತ್ತು. ಹಾಗಂತ ಸುಮ್ನೆ ಆಟಗಾರರಲ್ಲಿ 99% ಜನಕ್ಕೆ ಇದೆ ಅಂತ ಬರೆದುಬಿಡಬೇಡಿ. ಅವೆಲ್ಲ ದಾನವಾಗಿ ಬಂದ ಮಿದುಳುಗಳು, ತೊಂದರೆ ಕಂಡ ಮನೆಯವರೇ ಹೆಚ್ಚಾಗಿ ಕೊಡುತ್ತಾರೆ.

ನನಗೆ ಜಾಸ್ತಿ ನಾಟಿದ್ದು ಸ್ಕಾಟ್ಲೆಂಡಿನ ಲೆಕ್ಕ. ಅದು ಸಿಟಿಇ ಒಂದರದ್ದಲ್ಲ, ಡಿಮೆನ್ಷಿಯಾದಂಥ ಎಲ್ಲ ನರಕ್ಷಯ ಕಾಯಿಲೆಗಳದ್ದು. ಅಲ್ಲಿನ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರಲ್ಲಿ ಈ ಕಾಯಿಲೆಗಳಿಂದ ಸಾವು ಸಾಮಾನ್ಯ ಜನರಿಗಿಂತ ಸುಮಾರು 3.5 ಪಟ್ಟು ಹೆಚ್ಚು ಅಂತ 2019ರಲ್ಲಿ ಗೊತ್ತಾಯಿತು. 2021ರಲ್ಲಿ ಯಾರು ಯಾವ ಜಾಗದಲ್ಲಿ ಆಡುತ್ತಿದ್ದರು ಅಂತ ನೋಡಿದರು. ಗೋಲ್‌ಕೀಪರ್‌ಗಳಲ್ಲಿ ಸ್ಪಷ್ಟ ಏರಿಕೆ ಇಲ್ಲ. ಡಿಫೆಂಡರ್‌ಗಳಲ್ಲಿ ಅಪಾಯ ಸುಮಾರು 5 ಪಟ್ಟು.

ನಿನ್ನೆ ರಾತ್ರಿ ತಮ್ಮನನ್ನು ಕೇಳಿದೆ, ಪ್ರಾಕ್ಟೀಸಲ್ಲಿ ದಿನಕ್ಕೆ ಎಷ್ಟು ಹೆಡರ್ ಹೊಡೀತೀಯ ಅಂತ.

"ಅದನ್ನ ಯಾರ ಎಣಸ್ತಾರ ಅಕ್ಕಾ?" ಅಂದ.