ಬಾಗಿಲು ತೆಗೆದಿರುತ್ತಾ?

ನನ್ನ ಐದು ವರ್ಷದ ಮಗಳು ಬ್ಯಾಗಿನ ಜಿಪ್ ಎಳೆದಳು. ಟಾರ್ಚ್ ಇದೆಯಾ ನೋಡಿದಳು, ಜಿಪ್ ಹಾಕಿದಳು. ಎರಡು ನಿಮಿಷ ಬಿಟ್ಟು ಮತ್ತೆ ತೆಗೆದು ನೋಡಿದಳು. ಅವತ್ತು ರಾತ್ರಿ ಅಂಗಳದಲ್ಲಿ ಟೆಂಟ್ ಹಾಕಿ ಮಲಗುವುದು ಅಂತ ಮಾತಾಗಿತ್ತು. ಬಾಗಿಲಿನಿಂದ ಇಪ್ಪತ್ತು ಹೆಜ್ಜೆ, ಅಷ್ಟೇ. ಆದರೂ ಬೆಳಿಗ್ಗೆಯಿಂದ ಪ್ರಶ್ನೆಯ ಮೇಲೆ ಪ್ರಶ್ನೆ. "ಅಪ್ಪಾ, ಮಳೆ ಬಂದ್ರೆ? ಮಧ್ಯೆ ಎಚ್ಚರ ಆದ್ರೆ ಒಳಗೆ ಬರಬಹುದಾ? ಬಾಗಿಲು ತೆಗೆದಿರುತ್ತಾ?"

ಇಂಥ ಮಗುವನ್ನು ಪುಕ್ಕಲು ಅಂದುಬಿಡುತ್ತಾರೆ. ಆ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಮಗು ರಾತ್ರಿ ಏನೇನಾಗಬಹುದು ಅಂತ ಮನಸ್ಸಿನಲ್ಲೇ ಒಂದು ಸುತ್ತು ಹೋಗಿ ಬರುತ್ತಿರುತ್ತದೆ. ಅದು ಸಣ್ಣ ಕೆಲಸ ಅಲ್ಲ.

ಹೊಸದು ಕಂಡರೆ ಮೊದಲು ನಿಂತು ನೋಡುವ ಈ ಸ್ವಭಾವ ತೀರಾ ಬೇಗ ಕಾಣಿಸಿಕೊಳ್ಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳ ಮುಂದೆ ಬಣ್ಣದ ಆಟಿಕೆ ಆಡಿಸಿದರು, ಗುರುತಿಲ್ಲದ ದನಿ ಕೇಳಿಸಿದರು. ಹೆಚ್ಚುಕಡಿಮೆ ಐದರಲ್ಲಿ ಒಂದು ಕೂಸು ಕೈಕಾಲು ಬಡಿದು, ಬೆನ್ನು ಸೆಟೆದು ಅತ್ತಿತು. ಹೊಸ ಜಾಗ, ಹೊಸ ಮುಖ ಕಂಡರೆ ಹಿಂಜರಿಯುವ ಮಕ್ಕಳು ಮುಂದೆ ಈ ಗುಂಪಿನಲ್ಲೇ ಜಾಸ್ತಿ ಇದ್ದರು. ಎರಡನೇ ವರ್ಷದಲ್ಲಿ ಹಾಗೆ ಹಿಂಜರಿಯುತ್ತಿದ್ದ ಕೆಲವರ ಮಿದುಳನ್ನು, ಅವರು ಇಪ್ಪತ್ತು ದಾಟಿದ ಮೇಲೆ ಸ್ಕ್ಯಾನ್ ಮಾಡಿದ ವರದಿ 2003ರಲ್ಲಿ ಬಂತು. ಅಮಿಗ್ಡಲಾ ಅಂತ ಮಿದುಳಿನೊಳಗೆ ಬಾದಾಮಿಯಂಥ ಒಂದು ಭಾಗವಿದೆ, 'ಹುಷಾರ್' ಅನ್ನುವುದು ಅದರ ಕೆಲಸಗಳಲ್ಲೊಂದು. ಅಪರಿಚಿತ ಮುಖ ಕಂಡಾಗ ಅವರಲ್ಲಿ ಅದು ಬೇರೆಯವರಿಗಿಂತ ಜೋರಾಗಿ ಎಚ್ಚೆತ್ತಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಅಂತೀವಲ್ಲ, ಅದು ಅರ್ಧ ನಿಜ. ಕೇಗನ್ ನೋಡಿದ ಆ ಕೂಸುಗಳಲ್ಲೇ ಬಹಳಷ್ಟು ದೊಡ್ಡವಾಗುತ್ತಾ ಅಂಜುಬುರುಕರಾಗಿ ಉಳಿಯಲಿಲ್ಲ.

ಮಗು ನಮ್ಮ ಮುಖವನ್ನೂ ಓದುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜು ಹಾಸಿದ ಮೇಜಿನ ಮೇಲೆ ಬಿಟ್ಟಿದ್ದರು. ಅರ್ಧ ದಾರಿಯಲ್ಲಿ ಗಾಜಿನಡಿ ಸುಮಾರು 30 ಸೆಂಟಿಮೀಟರ್ ತಗ್ಗು ಕಾಣುತ್ತದೆ. ದಾಟಲೋ ಬೇಡವೋ ಅನ್ನಿಸುವಷ್ಟು. ಮಗು ಅಂಚಿನಲ್ಲಿ ನಿಂತು ಆಚೆಗಿದ್ದ ಅಮ್ಮನ ಕಡೆ ನೋಡುತ್ತದೆ. ಅಮ್ಮ ನಗುಮುಖದಲ್ಲಿದ್ದ 19 ಮಕ್ಕಳಲ್ಲಿ 14 ದಾಟಿದವು. ಅಮ್ಮ ಹೆದರಿದ ಮುಖ ಮಾಡಿದ್ದ 17ರಲ್ಲಿ ಒಂದೂ ದಾಟಲಿಲ್ಲ.

ಹಾಗಾಗಿ "ಏನೂ ಆಗಲ್ಲ, ಸುಮ್ನೆ ನಡಿ" ಅಂತ ನಾನು ಹೇಳಲಿಲ್ಲ. ಮಳೆ ಬಂದರೆ ಒಳಗೆ ಬರೋಣ, ಬಾಗಿಲು ತೆಗೆದೇ ಇರುತ್ತದೆ ಅಂದೆ. ಎಷ್ಟು ಸಲ ಕೇಳಿದರೂ ಅದನ್ನೇ ಅಂದೆ.

ಹಿಂದಿನ ರಾತ್ರಿಯೇ ಒಂದು ಸಣ್ಣ ತಾಲೀಮು ಮಾಡಿದ್ದೆವು. ಮೆಟ್ಟಿಲ ಮೇಲೆ ಕೂತು ಟಾರ್ಚ್ ಆರಿಸಿದೆವು. ಮೊದಲು ಏನೂ ಕಾಣಲಿಲ್ಲ. ಅವಳು ನನ್ನ ಹೆಬ್ಬೆರಳು ಬಿಗಿಯಾಗಿ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಗೋಡೆಯ ಅಂಚು ಕಂಡಿತು. ಆಮೇಲೆ ಗಿಡ, ಆಮೇಲೆ ಎಲೆ ಎಲೆಯೂ. "ಅಪ್ಪಾ, ಕತ್ತಲೆ ಕಡಿಮೆ ಆಯ್ತು!" ನಿಜಕ್ಕೂ ಬದಲಾಗಿದ್ದು ಅವಳ ಕಣ್ಣು. ಮಂದ ಬೆಳಕಿನಲ್ಲಿ ನೋಡಲು ಕಣ್ಣಿನ ಹಿಂಪರದೆಯಲ್ಲಿ ಕಡ್ಡಿಯಾಕಾರದ ಜೀವಕೋಶಗಳಿವೆ. ಅವುಗಳಲ್ಲಿರುವ, ಬೆಳಕು ಹೀರುವ ರೊಡಾಪ್ಸಿನ್ ಅನ್ನುವ ಬಣ್ಣದ ವಸ್ತು ಜೋರು ಬೆಳಕಿಗೆ ಬಣ್ಣಗೆಡುತ್ತದೆ. ಅದು ಕತ್ತಲಲ್ಲಿ ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಟಾರ್ಚ್ ಕಣ್ಣಿಗೆ ಬಿದ್ದರೆ ಮತ್ತೆ ಕಾಯಬೇಕು.

ಒಂದು ರಾತ್ರಿಯ ತಾಲೀಮಿಗೆ ಹೆದರಿಕೆ ಹೋಗಿಬಿಡುವುದಿಲ್ಲ. ಹಳೆಯ ಹೆದರಿಕೆಯ ನೆನಪನ್ನು ಮಿದುಳು ಸುಲಭಕ್ಕೆ ಅಳಿಸುವುದಿಲ್ಲ. ಅದರ ಪಕ್ಕದಲ್ಲಿ 'ಇಲ್ಲೇನೂ ಆಗಲಿಲ್ಲ' ಅನ್ನುವ ಹೊಸ ನೆನಪನ್ನು ಕೂಡಿಸುತ್ತದೆ. ಆ ಹೊಸದು ಗಟ್ಟಿಯಾಗಲು ಸಲಸಲವೂ ಹೋಗಿ ಬರಬೇಕು, ಮಗುವಿನ ಹೆಜ್ಜೆಯಲ್ಲಿ.

ರಾತ್ರಿ ಎರಡೂವರೆಗೆ ಅವಳು ಎದ್ದು ಕೂತಳು. ಒಳಗೆ ಹೋಗೋಣ ಅಂದಳು. ಹೋದೆವು. ಬಾಗಿಲು ತೆಗೆದೇ ಇತ್ತು. ಅದನ್ನು ಒಮ್ಮೆ ತಳ್ಳಿ ನೋಡಿದಳು, ನೀರು ಕುಡಿದಳು. ಆಮೇಲೆ ಟಾರ್ಚ್ ನನ್ನ ಕೈಗೆ ಕೊಟ್ಟು, "ವಾಪಸ್ ಟೆಂಟಿಗೆ ಹೋಗೋಣ್ವಾ?" ಅಂದಳು.